ಗಂಡಸರ ಎದೆಯಲ್ಲೂ ಗಂಟು!



ಸ್ತನದ ಗಂಟು ಎಂದ ಕೂಡಲೇ ನಾವು ನಮ್ಮ ಬಗ್ಗೆಯೇ ಚಿಂತಿಸುತ್ತೇವೆ. ಅದು ಗಂಡಸರಿಗೂ ಬರುತ್ತದೆಂದು ಹೋದ ವರ್ಷದ ದೀಪಾವಳಿವರೆಗೆ ನನಗೂ ಗೊತ್ತಿರಲಿಲ್ಲ.

ನರಕ ಚತುರ್ದಶಿಯ ಬೆಳಿಗ್ಗೆ ಪಾರ್ವತಿನಗರದ ನಮ್ಮ ಮನೆಯಲ್ಲಿ ಯಜಮಾನರಿಗೆ ಎಣ್ಣೆ ಹಚ್ಚುತ್ತಿದ್ದೆ. ಎಡ ಎದೆಯ ತೊಟ್ಟಿನ ಕೆಳಗೆ ಹುಣಸೆಬೀಜದಷ್ಟು ಗಟ್ಟಿ ಗಂಟು ಕೈಗೆ ಸಿಕ್ಕಿತು. "ಆರು ತಿಂಗಳಿಂದ ಐತೆ. ನೋವಿಲ್ಲ, ಸುಮ್ನಿರು" ಅಂದ್ರು. ಮೊದಲು ತೋರಿಸಿದ ಡಾಕ್ಟರು ಕೈಯಿಂದ ಮುಟ್ಟಿ ನೋಡಿ, ಕೊಬ್ಬಿನ ಗಂಟೆಂದು ಮುಲಾಮು ಕೊಟ್ಟರು. ಎರಡು ತಿಂಗಳಾದರೂ ಕರಗಲಿಲ್ಲ. ತೊಟ್ಟು ಒಳಕ್ಕೆ ಎಳೆದುಕೊಂಡಿತು. ಹಟ ಹಿಡಿದು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ.

ಮ್ಯಾಮೊಗ್ರಾಂ ಕೋಣೆಯ ಮುಂದೆ ಕುಳಿತಿದ್ದ ಹೆಂಗಸರೆಲ್ಲ ರೋಗಿ ನಾನೇ ಅಂದುಕೊಂಡಿದ್ದರು. ಹೆಸರು ಕರೆದಾಗ ಎದ್ದವರು ಇವರು! ತಲೆ ತಗ್ಗಿಸಿಕೊಂಡೇ ಒಳಗೆ ಹೋದರು. ಆಮೇಲೆ ಸೂಜಿ ಹಾಕಿ ಚೂರು ತೆಗೆದು ಪರೀಕ್ಷಿಸಿದರು. ಕ್ಯಾನ್ಸರ್ ಎಂದೇ ಬಂತು.

ಗುರುತಿಸುವುದು ಯಾಕಿಷ್ಟು ಕಷ್ಟ ಗೊತ್ತೇ? ಸ್ತನ ಕ್ಯಾನ್ಸರ್ ಬಂದ 100 ಜನರಲ್ಲಿ ಗಂಡಸರು ಸುಮಾರು ಒಬ್ಬರು. ಹಾಗಾಗಿ ಯಾರ ಮನಸ್ಸಿಗೂ ಬೇಗ ಹೊಳೆಯುವುದಿಲ್ಲ. ಗಂಡಸರ ಎದೆಯ ಊತ ಬಹುಪಾಲು ಕ್ಯಾನ್ಸರ್ ಅಲ್ಲ ಎನ್ನುವುದೂ ನಿಜ. ಮೀಸೆ ಮೂಡುವ ವಯಸ್ಸಿನ ಹುಡುಗರಿಗೆ ತೊಟ್ಟಿನಡಿ ಊತ ಬಂದು, ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ತಾನೇ ಇಳಿಯುತ್ತದೆ. ಲಿವರ್ ಕಾಯಿಲೆಯಿಂದ, ಹೃದಯದ ಕೆಲವು ಮಾತ್ರೆಗಳಿಂದಲೂ ಊದಬಹುದು. ಹಾಗೆಂದು ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಬರೀ ಕೈಯಿಂದ ಮುಟ್ಟಿ ಖಚಿತವಾಗಿ ಹೇಳಲಾಗದು. ಅನುಮಾನವಿದ್ದರೆ ಸೂಜಿ ಪರೀಕ್ಷೆಯೇ ಆಗಬೇಕು.

ಇವನ್ನು ನೆನಪಿಡಿ: ಒಂದೇ ಕಡೆ ಗಟ್ಟಿಯಾದ, ನೋವಿಲ್ಲದ ಗಂಟು, ಒಳಕ್ಕೆ ಹೋದ ತೊಟ್ಟು, ತೊಟ್ಟಿನಿಂದ ರಕ್ತ, ಮಾಯದ ಹುಣ್ಣು, ಕಂಕುಳಲ್ಲಿ ಗಂಟು. ಯಾವುದು ಕಂಡರೂ ತಡ ಮಾಡಬೇಡಿ. ಗಂಡಸರ ಎದೆಯಲ್ಲಿ ಮಾಂಸ ಕಡಿಮೆ; ರೋಗ ಬೇಗ ಚರ್ಮಕ್ಕೆ ತಾಗುತ್ತದೆ.

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಇವರಿಗೆ ಆಪರೇಷನ್ ಆಯಿತು. ಈಗ ದಿನವೂ ಮಾತ್ರೆ ನುಂಗುತ್ತಾ ಅಂಗಡಿಗೆ ಹೋಗಿಬರುತ್ತಿದ್ದಾರೆ. ಇದು ವಂಶದಲ್ಲೂ ಬರಬಹುದಾದ್ದರಿಂದ ಡಾಕ್ಟರು ನಮ್ಮ ಮಗಳ ಬಗ್ಗೆ, ನಾದಿನಿಯರ ಬಗ್ಗೆಯೂ ವಿಚಾರಿಸಿದರು. ನಾಚಿಕೆಯಿಂದ ಮುಚ್ಚಿಟ್ಟಿದ್ದರೆ ಅವರಿಗೂ ತಿಳಿಯುತ್ತಿರಲಿಲ್ಲ.

"ಹೆಂಗಸರ ರೋಗ ನನಗೆ ಬಂತಲ್ಲೇ" ಎಂದು ಇವರು ಕೊರಗಿದಾಗ ನಾನು ಹೇಳಿದ್ದಿಷ್ಟೇ: "ರೋಗಕ್ಕೆ ಸೀರೆ ಯಾವುದು, ಪಂಚೆ ಯಾವುದು?"

ಮುಂದಿನ ಹಬ್ಬಕ್ಕೆ ಎಣ್ಣೆ ಹಚ್ಚುವಾಗ, ಸೋದರಿಯರೇ, ನಿಮ್ಮ ಬೆರಳು ಅವರ ಎದೆಯ ಮೇಲೂ ಒಂದು ಸಾರಿ ಓಡಲಿ.