ನಮ್ಮ ಕಾಗದಕ್ಕೊಂದು ನ್ಯಾಯ, ಅವರ ಕಾಗದಕ್ಕೊಂದು ನ್ಯಾಯ

"ಅದೇನೂ ಆಗಲ್ಲ ಆಂಟಿ, ಅಡ್ವಾನ್ಸ್ಡ್ ಅಂತ ಐತಲ್ಲ, ಅದನ್ನ ಒತ್ತಿ ಮುಂದೆ ಹೋಗ್ರಿ."

ಮಗಳ ಕಾಲೇಜಿನ ಫೀಸು ಕಟ್ಟಾಕೆ ಕೂತಿದ್ದೆ. ಪುಟ ತೆರೆದರೆ ಕೆಂಪು ತ್ರಿಕೋನ, ಕೆಳಗೆ "ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ" ಅನ್ನೋ ಮಾತು. ಕಾಲೇಜಿಗೆ ಫೋನ್ ಹಚ್ಚಿ ಕೇಳಿದ್ದಕ್ಕೆ ಬಂದ ಉತ್ತರ ಇದು. ಹುಡುಗನ ದನಿಯಲ್ಲಿ ಸಣ್ಣ ನಗೆನೂ ಇತ್ತು, ಹೆಂಗಸರಿಗೆ ಕಂಪ್ಯೂಟರ್ ಅಂದ್ರೆ ಹೆದರಿಕೆ ಅನ್ನೋ ನಗೆ. ನಾನು ಒತ್ತಲಿಲ್ಲ. ಯಾಕೆ ಒತ್ತಲಿಲ್ಲ, ನೀವೂ ಯಾಕೆ ಒತ್ತಬಾರದು ಅಂತ ಹೇಳಾಕೇ ಇವತ್ತು ಹಿಟ್ಟು ರುಬ್ಬೋದು ಬಿಟ್ಟು ಬರೆಯಾಕೆ ಕೂತೀನಿ.

ಆ ಕೆಂಪು ಪುಟ ಏನು ಹೇಳ್ತೈತೆ ಅಂತ ತಿಳ್ಕೊಳ್ಳಾಕೆ ಇಂಜಿನಿಯರ್ ಆಗಬೇಕಿಲ್ಲ. ಮಕ್ಕಳಿಗೆ ಜಾತಿ-ಆದಾಯ ಪ್ರಮಾಣಪತ್ರ ಮಾಡಿಸಿದ ಯಾವ ತಾಯಿಗಾದ್ರೂ ಅರ್ಥ ಆಗ್ತೈತೆ. ವೆಬ್‌ಸೈಟಿನ ಹತ್ತಿರನೂ ಹಂಗೇ ಒಂದು ಪ್ರಮಾಣಪತ್ರ ಇರ್ತೈತೆ. ಬ್ರೌಸರ್ ಅನ್ನೋದು ಕೌಂಟರಿನಲ್ಲಿ ಕೂತ ಗುಮಾಸ್ತನ ಹಂಗೆ ಅದರಲ್ಲಿ ಮೂರು ನೋಡ್ತೈತೆ: ಹೆಸರು ಸರಿ ಐತಾ, ಅವಧಿ ಮುಗಿದೈತಾ, ಸಹಿ ಹಾಕಿದೋರು ನಂಬಿಕಸ್ತರಾ. ಮೂರರಲ್ಲಿ ಒಂದು ತಪ್ಪಿದ್ರೂ ಅಡ್ಡ ನಿಲ್ತೈತೆ. ಕ್ರೋಮ್‌ನಲ್ಲಿ ಕಾರಣನೂ ಸಣ್ಣ ಅಕ್ಷರದಲ್ಲಿ ಬರೆದಿರ್ತೈತೆ. "ಡೇಟ್ ಇನ್‌ವ್ಯಾಲಿಡ್" ಅಂದ್ರೆ ತಾರೀಖಿನ ತಕರಾರು. "ಕಾಮನ್ ನೇಮ್ ಇನ್‌ವ್ಯಾಲಿಡ್" ಅಂದ್ರೆ ಹೆಸರಿನದು. "ಅಥಾರಿಟಿ ಇನ್‌ವ್ಯಾಲಿಡ್" ಅಂದ್ರೆ ಸಹಿಯದು.

ಈಗ ನೀವೇ ನ್ಯಾಯ ಹೇಳ್ರಿ. ಮಗುವಿನ ಸ್ಕಾಲರ್‌ಶಿಪ್ಪಿಗೆ ಅಂತ ಕಾಗದ ಹಿಡ್ಕೊಂಡು ಆನವಟ್ಟಿಯಿಂದ ಸೊರಬಕ್ಕೋ, ಶಿರಾಳಕೊಪ್ಪದಿಂದ ಶಿಕಾರಿಪುರಕ್ಕೋ ಬಸ್ಸು ಹತ್ತಿ ಹೋಗ್ತೀವಿ. ಅವಧಿ ಮುಗಿದಿದ್ರೆ ವಾಪಸ್. ಆಧಾರಿನಲ್ಲಿ ಒಂದು ಅಕ್ಷರ, ರೇಷನ್ ಕಾರ್ಡಿನಲ್ಲಿ ಇನ್ನೊಂದು ಅಕ್ಷರ ಇದ್ರೆ ವಾಪಸ್. ಅದು ನಿಯಮ, ಒಪ್ಪಿಕೊಂಡು ತಿರುಗಿ ಬರ್ತೀವಿ. "ಅದೇನೂ ಆಗಲ್ಲ, ಮುಂದೆ ಹೋಗ್ರಿ" ಅಂತ ನಮಗೆ ಯಾರಾದ್ರೂ ಅಂದಿದಾರಾ? ಅವರ ಕಾಗದದ ಅವಧಿ ಮುಗಿದ್ರೆ ಮಾತ್ರ ನಾವು ಕಣ್ಣು ಮುಚ್ಕೊಂಡು ಮುಂದೆ ಹೋಗಬೇಕಂತೆ, ಅದೂ ಎಟಿಎಂ ಕಾರ್ಡು ಕೈಯಲ್ಲಿ ಹಿಡ್ಕೊಂಡು!

ಖರ್ಚು ಆಗ್ತೈತೆ ಅನ್ನೋ ನೆಪನೂ ಇಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆ 2015ರಿಂದ ಈ ಪ್ರಮಾಣಪತ್ರನ ಪುಕ್ಕಟೆ ಕೊಡ್ತೈತೆ. ಅವಧಿ ಮುಗಿಯೋ ಮೊದಲೇ ಕಂಪ್ಯೂಟರೇ ನವೀಕರಿಸ್ಕೊಳ್ಳೋ ವ್ಯವಸ್ಥೆನೂ ಐತೆ. 2029ರ ಮಾರ್ಚ್ 15ರಿಂದ ಹೊಸದಾಗಿ ಕೊಡೋ ಪ್ರಮಾಣಪತ್ರಕ್ಕೆ ಹೆಚ್ಚಂದ್ರೆ 47 ದಿನದ ಆಯುಸ್ಸು ಅಂತ ಬ್ರೌಸರ್ ಕಂಪನಿಗಳೂ ಪ್ರಮಾಣಪತ್ರ ಕೊಡೋ ಸಂಸ್ಥೆಗಳೂ 2025ರಲ್ಲೇ ತೀರ್ಮಾನ ಮಾಡಿದಾರೆ. ವರ್ಷಕ್ಕೊಂದು ಸಲ ಮಾಡಿಸೋದನ್ನೇ ಮರೆಯೋರು ಆಗ ಏನು ಮಾಡ್ತಾರೋ?

"ಸರ್ಕಾರಿ ಸೈಟಾದ್ರೆ ಒತ್ತಬಹುದಲ್ಲ, ಅಲ್ಲಿ ಮೋಸ ಎಲ್ಲಿಂದ ಬರ್ತೈತೆ" ಅಂತ ನಮ್ಮ ಮನೆಯಲ್ಲೇ ವಾದ ಮಾಡ್ತಾರೆ. ಕೇಳ್ರಿ. 2014ರ ಜುಲೈನಲ್ಲಿ ಗೂಗಲ್ಲಿನ ವಿಳಾಸಗಳಿಗೇ ಸುಳ್ಳು ಪ್ರಮಾಣಪತ್ರ ಹುಟ್ಟಿದ್ದು ಸಿಕ್ಕಿಬಿತ್ತು. ಅದು ಹೊರಟಿದ್ದು ಕೇಂದ್ರ ಸರ್ಕಾರದ ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರ್‌ನಿಂದ. ಅದರ ಮೇಲಿನ ನಿಯಂತ್ರಕರು ಆ ಸೆಂಟರಿನ ಸಹಿ ಹಾಕೋ ಅಧಿಕಾರದ ಪ್ರಮಾಣಪತ್ರಗಳನ್ನೇ ರದ್ದು ಮಾಡಿದ್ರು. ಅಂಥ ಸುಳ್ಳು ಕಾಗದ ಇದ್ದೋನು ನಮಗೂ ಗೂಗಲ್ಲಿಗೂ ನಡುವೆ ಕೂತು, ಗೂಗಲ್ಲಿನ ವೇಷ ಹಾಕಿ, ನಾವು ಒತ್ತಿದ ಪಾಸ್‌ವರ್ಡ್ ಓದಬಹುದು. ಸರ್ಕಾರ ಅನ್ನೋ ಹೆಸರು ಕೇಳಿ ಬ್ರೌಸರ್ ಸುಮ್ಮನಾಗಲ್ಲ. ನಾವ್ಯಾಕೆ ಆಗಬೇಕು?

ಹಂಗಂತ ತಪ್ಪೆಲ್ಲಾ ಅವರದೇ ಅನ್ನಲ್ಲ. ಮೊದಲು ನಮ್ಮ ಅಂಗಳ ಗುಡಿಸ್ಕೊಳ್ಳಾಣ. ಒಂದೇ ಸೈಟಲ್ಲದೆ ತೆರೆದ ಸೈಟೆಲ್ಲಾ ಕೆಂಪಾದ್ರೆ ಮೊದಲು ತಾರೀಖು ನೋಡ್ರಿ. ಹಳೇ ಕಂಪ್ಯೂಟರಿನೊಳಗೆ ನಾಣ್ಯದ ಹಂಗೆ ಒಂದು ಸಣ್ಣ ಬ್ಯಾಟರಿ ಇರ್ತೈತೆ. ಅದು ಸತ್ತಿದ್ರೆ, ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗೆಲ್ಲ ಯಂತ್ರದ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಕೂತಿರ್ತೈತೆ. ಆಗ ಯಾವ ಪ್ರಮಾಣಪತ್ರನೂ ಅದಕ್ಕೆ ಸರಿ ಕಾಣಲ್ಲ. ಬ್ಯಾಟರಿ ಹಾಕ್ಸಿ ತಾರೀಖು ತಿದ್ದಿದ್ರೆ ಮುಗೀತು. ಬಹಳ ಹಳೇ ಫೋನಾದ್ರೆ ನಂಬಿಕಸ್ತರ ಪಟ್ಟಿನೇ ಹಳೇದಾಗಿರ್ತೈತೆ, ಅಪ್‌ಡೇಟ್ ಮಾಡ್ಕೋಬೇಕು. ಬಸ್ ಸ್ಟ್ಯಾಂಡಿನ ಪುಕ್ಕಟೆ ವೈಫೈನಲ್ಲಿ ಎಚ್ಚರಿಕೆ ಬಂದ್ರೆ ವೈಫೈ ಆರಿಸಿ ನಮ್ಮ ಡೇಟಾದಲ್ಲೇ ನೋಡ್ರಿ. ಇಷ್ಟೆಲ್ಲಾ ಆದ್ಮೇಲೂ ಒಂದು ಸೈಟು ಮಾತ್ರ ಕೆಂಪಾಗಿದ್ರೆ, ತಪ್ಪು ನಮ್ಮದಲ್ಲ ಅಂತ ಧೈರ್ಯವಾಗಿ ಹೇಳ್ರಿ.

ಇನ್ನೊಂದು ಮಾತು. ಕೆಂಪು ಬರಲಿಲ್ಲ ಅಂದ ಮಾತ್ರಕ್ಕೆ ಸೈಟು ಸಾಚಾ ಅಲ್ಲ. ಪುಕ್ಕಟೆ ಪ್ರಮಾಣಪತ್ರ ಕಳ್ಳನಿಗೂ ಸಿಗ್ತೈತೆ. ಬೀಗದ ಗುರುತು ಇದ್ರೆ, ನಡುದಾರಿಯಲ್ಲಿ ಯಾರೂ ಓದಲ್ಲ ಅಂತ ಅಷ್ಟೇ ಅರ್ಥ. ಆ ತುದಿಯಲ್ಲಿ ಕೂತೋನು ಒಳ್ಳೇನು ಅಂತಲ್ಲ. ಗೃಹಲಕ್ಷ್ಮಿಯ 2000 ರೂಪಾಯಿ ಬಂದಿಲ್ಲ, ಈ ಲಿಂಕ್ ಒತ್ತಿ ಅಂತ ವಾಟ್ಸಾಪಿಗೆ ಬಂದ್ರೆ ವಿಳಾಸ ಓದ್ರಿ. ಮೊದಲ ಒಂಟಿ ಓರೆಗೆರೆಗಿಂತ ಹಿಂದಿನ ಕೊನೇ ಪದಗಳು ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್ ಅಂತ ಇರ್ಬೇಕು. ಕರ್ನಾಟಕ ಅನ್ನೋ ಹೆಸರು ಮುಂದೆ ಎಲ್ಲೋ ಇದ್ದು ಬಾಲದಲ್ಲಿ ಬೇರೆ ಏನೋ ಇದ್ರೆ ಅದು ಬೇರೆಯವರ ಮನೆ.

ನನ್ನ ಕಥೆ ಏನಾಯ್ತು ಅಂದ್ರೆ, ಫೋನಿನ ತಾರೀಖು ಸರಿ ಇತ್ತು, ಬೇರೆ ಸೈಟೆಲ್ಲಾ ತೆರೀತಿದ್ವು, ಇಲ್ಲಿ ಮಾತ್ರ "ಡೇಟ್ ಇನ್‌ವ್ಯಾಲಿಡ್". ಮತ್ತೆ ಫೋನ್ ಮಾಡಿ, ನಾವು ಇಷ್ಟು ವರ್ಷ ಕೇಳಿಸ್ಕೊಂಡ ಮಾತನ್ನೇ ಹೇಳಿದೆ: "ನಿಮ್ಮ ಪ್ರಮಾಣಪತ್ರದ ಅವಧಿ ಮುಗಿದೈತಪ್ಪಾ, ನವೀಕರಿಸ್ಕೊಂಡು ಬನ್ನಿ. ಅಲ್ಲಿ ತನಕ ಫೀಸು ಕಟ್ಟಲ್ಲ, ದಂಡನೂ ಹಾಕಬ್ಯಾಡ್ರಿ." ಮೂರನೇ ದಿನ ಪುಟ ಸರಿಯಾಗಿತ್ತು. ದಂಡ ಹಾಕಲಿಲ್ಲ.

ನೀವೂ ಹಂಗೇ ಹೇಳ್ರಿ. ಈಗಾಗಲೇ ಒತ್ತಿ ದುಡ್ಡು ಹೋಗಿದ್ರೆ ಗಂಡ ಬೈತಾನೆ ಅಂತ ಮುಚ್ಚಿಡಬ್ಯಾಡ್ರಿ, ಕೂಡಲೇ 1930ಕ್ಕೆ ಫೋನ್ ಮಾಡ್ರಿ. ಹೆದರಿ ನಿಲ್ಲೋದು ಬೇರೆ, ಓದಿ ನಿಲ್ಲೋದು ಬೇರೆ. ನಾವು ಓದಿ ನಿಲ್ಲಾಣ.