ಎರಡೂವರೆ ಗಂಟೆಯ ಅಡುಗೆಮನೆ

ನವೆಂಬರ್ ಬಂತೆಂದರೆ ನನಗೆ ವೊಲ್ಫ್‌ಗಾಂಗ್ ಬೊರ್ಶರ್ಟ್ ನೆನಪಾಗುತ್ತಾನೆ. ಜರ್ಮನಿಯ ಹ್ಯಾಂಬರ್ಗಿನ ಈ ಹುಡುಗ 1947ರ ನವೆಂಬರ್ 20ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಆಸ್ಪತ್ರೆಯಲ್ಲಿ ತೀರಿಕೊಂಡ. ಆಗ ಅವನಿಗೆ 26 ವರ್ಷ. ಮರುದಿನವೇ ಹ್ಯಾಂಬರ್ಗಿನಲ್ಲಿ ಅವನ ನಾಟಕ ‘ಬಾಗಿಲಾಚೆ’ಯ ಮೊದಲ ಪ್ರದರ್ಶನ. ರಂಗಮಂದಿರ ನಡೆಸುತ್ತಿದ್ದ ನಟಿ ಇಡಾ ಎಹ್ರೆ ನಾಟಕಕ್ಕೆ ಮೊದಲು ಪ್ರೇಕ್ಷಕರೆದುರು ಬಂದು, ಬರೆದವನು ಇನ್ನಿಲ್ಲ ಎಂಬ ಸುದ್ದಿ ಹೇಳಬೇಕಾಯಿತು.

ಪುಸ್ತಕದಂಗಡಿಯಲ್ಲಿ ಕೆಲಸ ಕಲಿತು, ಸಂಚಾರಿ ನಾಟಕ ತಂಡದಲ್ಲಿ ಕೆಲವೇ ತಿಂಗಳು ಬಣ್ಣ ಹಚ್ಚಿದವನನ್ನು 1941ರಲ್ಲಿ ಸೈನ್ಯಕ್ಕೆ ಎಳೆದುಕೊಂಡರು. ರಷ್ಯಾದ ರಣರಂಗದಲ್ಲಿ ಎಡಗೈಗೆ ಗುಂಡು ಬಿತ್ತು, ಒಂದು ಬೆರಳು ಹೋಯಿತು. ಯುದ್ಧ ತಪ್ಪಿಸಿಕೊಳ್ಳಲು ನೀನೇ ಹೊಡೆದುಕೊಂಡೆ ಎಂದು ಮೊಕದ್ದಮೆ ಹೂಡಿದರು. ಸಾಬೀತಾಗಿದ್ದರೆ ತಲೆ ಹೋಗುತ್ತಿತ್ತು, ಬಿಡುಗಡೆಯಾದ. ಆದರೆ ಆಳುವವರ ವಿರುದ್ಧ ಆಡಿದ ಮಾತುಗಳಿಗಾಗಿ ಮತ್ತೆ ಹಿಡಿದರು. ಶಿಕ್ಷೆ ಮುಗಿದ ಮೇಲೆ ಪುನಃ ರಣರಂಗ, ಅಲ್ಲಿ ಕಾಮಾಲೆ, ಜ್ವರ. ಆಮೇಲೆ ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್‌ನ ಅಣಕ ಮಾಡಿ ಗೆಳೆಯರನ್ನು ನಗಿಸಿದ್ದಕ್ಕೆ ಬರ್ಲಿನ್ನಿನ ಮೋಆಬಿಟ್ ಜೈಲು. ಶತ್ರುವಿನ ಗುಂಡಿಗಿಂತ ಹೆಚ್ಚಾಗಿ ತನ್ನ ದೇಶದ ನ್ಯಾಯಾಲಯಗಳೇ ಅವನನ್ನು ಹಣ್ಣು ಮಾಡಿದವು ಎಂದೇ ನನಗನಿಸುತ್ತದೆ.

1945ರ ವಸಂತದಲ್ಲಿ ಫ್ರೆಂಚರ ಕೈಗೆ ಸಿಕ್ಕಿದವನು ಸೆರೆಶಿಬಿರಕ್ಕೆ ಸಾಗಿಸುವಾಗ ದಾರಿಯಲ್ಲೇ ತಪ್ಪಿಸಿಕೊಂಡ. ಫ್ರಾಂಕ್‌ಫರ್ಟ್ ಕಡೆಯಿಂದ ಹ್ಯಾಂಬರ್ಗಿಗೆ ಸುಮಾರು 600 ಕಿಲೋಮೀಟರು. ಕಾಯಿಲೆ ಹೊತ್ತ ಮೈಯಲ್ಲಿ ನಡೆದೇ ಬಂದು ಮೇ 10ರಂದು ಮನೆ ಸೇರಿದ. ಜರ್ಮನಿ ಶರಣಾಗಿ ಎರಡು ದಿನವಾಗಿತ್ತು.

ಅಲ್ಲಿಂದ ಅವನಿಗೆ ಸಿಕ್ಕಿದ್ದು ಎರಡೂವರೆ ವರ್ಷ. ಯಕೃತ್ತು ಕೆಟ್ಟಿತ್ತು. ಸ್ವಲ್ಪ ದಿನ ರಂಗಭೂಮಿಯ ಕೆಲಸಕ್ಕೆ ಓಡಾಡಿದ, ಆಮೇಲೆ ಹಾಸಿಗೆ ಹಿಡಿದ. ಜ್ವರದಲ್ಲೇ ಬರೆದ. ಬರೆದದ್ದನ್ನು ಶಾಲಾ ಮೇಷ್ಟರಾಗಿದ್ದ ಅಪ್ಪ ಟೈಪ್ ಮಾಡಿಕೊಡುತ್ತಿದ್ದರು. ಆ ನಾಟಕವನ್ನು ಎಂಟೇ ದಿನದಲ್ಲಿ ಮುಗಿಸಿದನಂತೆ. 1947ರ ಫೆಬ್ರವರಿ 13ರಂದು ಅದು ರೇಡಿಯೋದಲ್ಲಿ ಮೊದಲ ಸಲ ಪ್ರಸಾರವಾದಾಗ ಅವನ ಮನೆಯಲ್ಲಿ ಕರೆಂಟ್ ಇರಲಿಲ್ಲ. ಊರೆಲ್ಲ ಕೇಳಿಸಿಕೊಂಡದ್ದನ್ನು ಬರೆದವನೇ ಕೇಳಲಿಲ್ಲ.

ನಾಟಕದ ಬೆಕ್‌ಮನ್ ಮೂರು ವರ್ಷ ಸೈಬೀರಿಯಾದ ಸೆರೆಯಲ್ಲಿದ್ದು ಹ್ಯಾಂಬರ್ಗಿಗೆ ಮರಳಿದ ಸೈನಿಕ. ಗ್ಯಾಸ್ ಮಾಸ್ಕಿನೊಳಗೆ ಹಾಕಿಕೊಳ್ಳುವ ಕನ್ನಡಕವೇ ಇನ್ನೂ ಅವನ ಕಣ್ಣ ಮೇಲಿದೆ. ಬೇರೆ ಕನ್ನಡಕ ಇಲ್ಲ. ಹೆಂಡತಿಯ ಪಕ್ಕದಲ್ಲಿ ಇನ್ನೊಬ್ಬನಿದ್ದಾನೆ. ಸಾಯಲು ಹೋದರೆ ಎಲ್ಬೆ ನದಿಯೂ ದಡಕ್ಕೆ ತಳ್ಳುತ್ತದೆ. ತಾನು ಹೊತ್ತ ಸಾವುಗಳ ಹೊಣೆಯನ್ನು ವಾಪಸು ಒಪ್ಪಿಸಲು ಅದನ್ನು ಹೊರಿಸಿದ್ದ ಕರ್ನಲನ ಮನೆಗೆ ಹೋಗುತ್ತಾನೆ, ಕರ್ನಲ್ ನಕ್ಕುಬಿಡುತ್ತಾನೆ. ಕೊನೆಗೆ ಅಪ್ಪ ಅಮ್ಮನ ಮನೆಯ ಕದ ತಟ್ಟಿದರೆ ಯಾರೋ ಅಪರಿಚಿತೆ ತೆಗೆಯುತ್ತಾಳೆ. ಅವರಿಬ್ಬರೂ ಗ್ಯಾಸಿನಿಂದ ಪ್ರಾಣ ಕಳೆದುಕೊಂಡಿದ್ದಾರೆ.

ಇದನ್ನು ಬೊರ್ಶರ್ಟ್‌ನ ಆತ್ಮಕಥೆಯೆಂದು ಓದುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬೊರ್ಶರ್ಟ್ ತಟ್ಟಿದ ಬಾಗಿಲು ತೆರೆದಿತ್ತು. ಅಪ್ಪ ಇದ್ದರು, ಅಮ್ಮ ಇದ್ದರು, ಮಲಗಲು ಅವನದೇ ಹಾಸಿಗೆ ಇತ್ತು. ಆ ಹಾಸಿಗೆಯಲ್ಲಿ ಮಲಗಿಕೊಂಡೇ, ತಮಗೆ ಬಾಗಿಲು ತೆರೆದುಕೊಳ್ಳದವರ ಪಾಡನ್ನು ತನ್ನ ಪಾಡೆಂಬಂತೆ ಬರೆದ. ತನಗೆ ದಕ್ಕಿದ್ದು ಎಷ್ಟು ದೊಡ್ಡದೆಂದು ತಿಳಿದಿದ್ದಕ್ಕೇ ಅದಿಲ್ಲದವನ ನೋವು ಅವನ ಕೈಗೆ ಅಷ್ಟು ನಿಖರವಾಗಿ ಬಂತು.

ಇದಕ್ಕೆ ಸಾಕ್ಷಿ ಬೇಕಿದ್ದರೆ ಅವನ ಎರಡು ಪುಟ್ಟ ಕತೆಗಳಿವೆ. ‘ಬ್ರೆಡ್’ ಕತೆಯಲ್ಲಿ ರಾತ್ರಿ ಮುದುಕಿಗೆ ಎಚ್ಚರವಾಗುತ್ತದೆ. ಅಡುಗೆಮನೆಯಲ್ಲಿ ಗಂಡ ನಿಂತಿದ್ದಾನೆ, ಮೇಜಿನ ಬಟ್ಟೆಯ ಮೇಲೆ ಬ್ರೆಡ್ಡಿನ ಪುಡಿ. ರೇಷನ್ನಿನ ಕಾಲ, ಕದ್ದು ತಿಂದಿದ್ದಾನೆ. ಏನೋ ಸದ್ದಾಯಿತು ಎನ್ನುತ್ತಾನೆ. ಮದುವೆಯಾಗಿ 39 ವರ್ಷದ ಮೇಲೆ ಈ ಸುಳ್ಳು! ಅವಳೂ ಗಾಳಿಗೆ ತಗಡು ಬಡಿದಿರಬೇಕು ಎಂದು ಅವನ ಮಾನ ಉಳಿಸುತ್ತಾಳೆ. ಮಾರನೆಯ ಸಂಜೆ ತನ್ನ ಪಾಲಿನದೊಂದು ತುಂಡನ್ನು ಅವನ ತಟ್ಟೆಗೆ ಸರಿಸಿ, ನನಗೆ ಇದು ಅರಗುವುದಿಲ್ಲ ಎನ್ನುತ್ತಾಳೆ. ಯುದ್ಧದಿಂದ ಮರಳಿದ ಮತ್ತೊಬ್ಬ ಲೇಖಕ ಹೈನ್ರಿಶ್ ಬ್ಯೋಲ್ ಈ ಕತೆಯನ್ನು ಮನಸಾರೆ ಮೆಚ್ಚಿ ಬರೆದಿದ್ದಾನೆ. ಕತೆಯಲ್ಲಿ ಒಂದು ಗುಂಡೂ ಹಾರುವುದಿಲ್ಲ.

ಇನ್ನೊಂದು ‘ಅಡುಗೆಮನೆಯ ಗಡಿಯಾರ’. ಬಾಂಬಿಗೆ ಮನೆಮಂದಿಯನ್ನೆಲ್ಲ ಕಳೆದುಕೊಂಡ ಹುಡುಗನ ಕೈಯಲ್ಲಿ ನಿಂತುಹೋದ ಗಡಿಯಾರವೊಂದೇ ಉಳಿದಿದೆ. ವಯಸ್ಸು 20, ಮುಖ ಮುದುಕನದು. ದಿನವೂ ಗಡಿಯಾರ ನಿಂತ ಅದೇ ಹೊತ್ತಿಗೆ ಅವನು ಕೆಲಸ ಮುಗಿಸಿ ಬಂದಾಗ ಅಮ್ಮ ಬರಿಗಾಲಲ್ಲಿ ಎದ್ದು ಬಂದು ಊಟ ಬಿಸಿ ಮಾಡುತ್ತಿದ್ದಳು. ಆಗ ಅದು ಮಾಮೂಲಾಗಿತ್ತು, ಈಗ ಅದೇ ಸ್ವರ್ಗವೆಂದು ಬೆಂಚಿನ ಮೇಲೆ ಕುಳಿತ ಅಪರಿಚಿತರಿಗೆ ವಿವರಿಸುತ್ತಾನೆ.

ಎರಡೂ ಕತೆಗಳಲ್ಲಿ ಗಡಿಯಾರ ತೋರಿಸುವುದು ರಾತ್ರಿಯ ಎರಡೂವರೆ. ಎರಡರಲ್ಲೂ ಅಡುಗೆಮನೆ, ಎರಡರಲ್ಲೂ ತಣ್ಣನೆಯ ನೆಲ, ನಿದ್ದೆಗಣ್ಣಲ್ಲಿ ಎದ್ದು ಬಂದ ಹೆಂಗಸು. ನಿದ್ದೆ ಬಾರದ ರೋಗಿಗೆ ಗೋಡೆಯಾಚೆಯ ಅಡುಗೆಮನೆಯ ಸಣ್ಣ ಸದ್ದುಗಳೂ ಆ ಹೊತ್ತಿನಲ್ಲಿ ಕೇಳಿಸುತ್ತಿದ್ದವೇನೋ. ಹಾಗೆಂದು ನಾನು ಊಹಿಸಿಕೊಳ್ಳುತ್ತೇನೆ.

1947ರ ಸೆಪ್ಟೆಂಬರಿನಲ್ಲಿ ಸ್ನೇಹಿತರು ಹಣ ಹೊಂದಿಸಿ, ಪರವಾನಗಿ ಮಾಡಿಸಿ ಅವನನ್ನು ಸ್ವಿಟ್ಜರ್ಲೆಂಡಿಗೆ ಚಿಕಿತ್ಸೆಗೆ ಕಳಿಸಿದರು. ಅಮ್ಮ ಹೆರ್ತಾ ಗಡಿಯವರೆಗೂ ಜೊತೆಗೆ ಬಂದರು. ಅಲ್ಲಿಂದಾಚೆಗೆ ಅವನೊಬ್ಬನೇ ಹೋದ.