ಎರಡು ನೆಗ್ರೋನಿ ಅಂದ್ರೆ ಒಂದು ಕ್ವಾರ್ಟರ್ ಸ್ವಾಮಿ!

ಕಳೆದ ಭಾನುವಾರ ಸಂಜೆ ವೈಟ್‌ಫೀಲ್ಡಿನಲ್ಲಿರೋ ಭಾವಮೈದನ ಮನೆಗೆ ಹೋಗಿದ್ದೆ. ಹನ್ನೊಂದನೇ ಮಹಡಿಯ ಬಾಲ್ಕನಿಯಲ್ಲಿ ಕೂರಿಸಿ, "ಭಾವ, ಇವತ್ತು ನಿಮಗೆ ನೆಗ್ರೋನಿ ಮಾಡಿಕೊಡ್ತೀನಿ. ನಿಮ್ಮ ಪೀಣ್ಯದಲ್ಲಿ ನೈಂಟಿ ಹೊಡೆಯೋರಿಗೆ ಇದರ ಮಜಾ ಗೊತ್ತಾಗಲ್ಲ" ಅಂದ. ಕೆಂಪಗೆ ಹೊಳೆಯೋ ಗ್ಲಾಸು ಬಂತು. ಒಂದು ಗುಟುಕು ಹೀರಿದೆ. ಅಬ್ಬಾ, ಮೆಂತ್ಯ ಜಗಿದಂಗಾಯ್ತು! ಎರಡನೇ ಗುಟುಕಿಗೆ ಸ್ವಲ್ಪ ಸಿಹಿ, ಮೂರನೆಯದಕ್ಕೆ ಅಮ್ಮನ ಹೇರಳೆಕಾಯಿ ಗೊಜ್ಜಿನ ನೆನಪು. ಬೇವು ತಿಂದು ಬೆಳೆದ ನಾಲಿಗೆ ತಾನೆ, ಒಗ್ಗಿಕೊಳ್ತು. ಚೆನ್ನಾಗಿದೆ ಅಂತ ಮನಸ್ಸಿನಲ್ಲೇ ಒಪ್ಪಿಕೊಂಡೆ.

ತಕರಾರು ಪಾನೀಯದ ಬಗ್ಗೆ ಅಲ್ಲ, ಅದನ್ನು ಅವನು ಸುರಿದ ರೀತಿಯ ಬಗ್ಗೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಇಟಲಿಯದು. ಕ್ಯಾಂಪಾರಿ ಅನ್ನೋ ಕಹಿ ಮದ್ಯ 1860ರಿಂದ ಇದೆ. ಅದಕ್ಕೆ ಸಿಹಿ ವರ್ಮೂತ್, ಸೋಡಾ ಬೆರೆಸಿದರೆ ಅಮೆರಿಕಾನೊ. 1919ರ ಸುಮಾರಿಗೆ ಫ್ಲಾರೆನ್ಸಿನಲ್ಲಿ ಕಮಿಲ್ಲೊ ನೆಗ್ರೋನಿ ಅನ್ನೋ ಕೌಂಟ್ ಒಬ್ಬರು "ಸೋಡಾ ಬೇಡ, ಜಿನ್ ಹಾಕು" ಅಂದರಂತೆ. ಕತೆ ಅಷ್ಟೇ. ಲೆಕ್ಕವೂ ಅಷ್ಟೇ ಸುಲಭ: ಜಿನ್ 30 ಮಿಲೀ, ಕ್ಯಾಂಪಾರಿ 30, ಸಿಹಿ ವರ್ಮೂತ್ 30. ಕೂಡಿಸಿ ನೋಡಿ, ಎಷ್ಟಾಯ್ತು? ತೊಂಬತ್ತು! ಅಂದ್ರೆ ನೆಗ್ರೋನಿಯೂ ಒಂದು ನೈಂಟಿಯೇ. ಭಾವಮೈದನಿಗೆ ಇದನ್ನು ಹೇಳಿದಾಗ ಅವನ ಮುಖ ಕ್ಯಾಂಪಾರಿಗಿಂತ ಕೆಂಪಗಾಯ್ತು.

ಎರಡು ಗ್ಲಾಸ್ ಮುಗಿಸಿದ ಮೇಲೆ ಅವನು ಕಾರಿನ ಕೀ ಎತ್ತಿಕೊಂಡ. ನನ್ನನ್ನು ಮೆಟ್ರೋ ಸ್ಟೇಷನ್‌ಗೆ ಬಿಡ್ತಾನಂತೆ. ಬೇಡ ಅಂದೆ. "ಎರಡೇ ಗ್ಲಾಸ್ ಅಲ್ವಾ ಭಾವ, ಇದೇನು ವಿಸ್ಕಿನಾ?"

ನನ್ನ ಕೆಲಸ ಗೊತ್ತಲ್ಲ, ದಿನಾ ವರ್ನಿಯರ್ ಹಿಡಿದು ಮಷೀನ್ ಪಾರ್ಟ್ ಅಳೆಯೋದು. ಕೈ ಸುಮ್ಮನಿರಲಿಲ್ಲ. ಅವನ ಮಗಳ ಕೆಮ್ಮಿನ ಸಿರಪ್ ಜೊತೆ ಬರೋ ಗೆರೆ ಹಾಕಿದ ಕಪ್ ತರಿಸಿದೆ. "ಈಗ ಹೆಂಗೆ ಸುರಿದೆಯೋ ಹಂಗೇ ನೀರು ಸುರಿಯೋ" ಅಂದೆ. ಅಳೆದರೆ, ಅವನ 'ಒಂದು ಭಾಗ' 30 ಅಲ್ಲ, 45 ಮಿಲೀ!

ಲೆಕ್ಕ ಹಾಕೋಣ. ನಮ್ಮಲ್ಲಿ ಸಿಗೋ ಜಿನ್‌ನಲ್ಲಿ ಸಾಮಾನ್ಯವಾಗಿ ಶೇ. 42.8 ಆಲ್ಕೋಹಾಲ್. ಕ್ಯಾಂಪಾರಿಯಲ್ಲಿ ಸುಮಾರು 25, ವರ್ಮೂತ್‌ನಲ್ಲಿ ಸುಮಾರು 16. ಸರಿಯಾಗಿ ಅಳೆದು ಮಾಡಿದ ನೆಗ್ರೋನಿಯಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 25 ಮಿಲೀ, ಹೆಚ್ಚುಕಮ್ಮಿ 60 ಮಿಲೀ ವಿಸ್ಕಿಯ ಒಂದು ಲಾರ್ಜ್. ಭಾವಮೈದನ ಕಣ್ಣಳತೆಯ ಗ್ಲಾಸಿನಲ್ಲಿ? ಸುಮಾರು 38. ವೈನ್ ಶಾಪಿನ 90 ಮಿಲೀ ವಿಸ್ಕಿ ಟೆಟ್ರಾಪ್ಯಾಕ್‌ನಲ್ಲಿ ಇರೋದೂ ಅಷ್ಟೇ! ಎರಡು ಗ್ಲಾಸ್ ಅಂದ್ರೆ ಒಂದು ಕ್ವಾರ್ಟರ್. ಶಿಫ್ಟ್ ಮುಗಿಸಿ ಕೌಂಟರ್ ಮುಂದೆ ನಿಂತು ಕ್ವಾರ್ಟರ್ ಇಳಿಸೋನನ್ನು ಕುಡುಕ ಅಂತೀವಿ. ಬಾಲ್ಕನಿಯಲ್ಲಿ ಕೂತು ಅಷ್ಟನ್ನೇ ಇಳಿಸೋನನ್ನು ರಸಿಕ ಅಂತೀವಿ. ಲಿವರ್‌ಗೆ ಮಹಡಿ ಎಷ್ಟನೇದು ಅಂತ ಗೊತ್ತಾಗುತ್ತಾ? ಪೊಲೀಸರು ಊದಿಸೋ ಯಂತ್ರಕ್ಕೂ ಗೊತ್ತಾಗಲ್ಲ. 100 ಮಿಲೀ ರಕ್ತಕ್ಕೆ 30 ಮಿಲಿಗ್ರಾಂ ದಾಟಿದರೆ ಕೇಸು. 2019ರ ತಿದ್ದುಪಡಿ ಆದಮೇಲೆ ಮೊದಲ ಸಲಕ್ಕೇ ಹತ್ತು ಸಾವಿರ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಇಷ್ಟೊಂದು ಯಾಕೆ ತಲೆ ಕೆಡಿಸಿಕೊಳ್ತೀಯ ಅಂತ ಕೇಳಬಹುದು. ನಮ್ಮಪ್ಪನೂ ದಿನಾ "ಒಂದೇ ಲೋಟ" ಅಂತಿದ್ರು. ಸುಳ್ಳಲ್ಲ, ಒಂದೇ. ಆದರೆ ಅದು ನೀರು ಕುಡಿಯೋ ದೊಡ್ಡ ಸ್ಟೀಲ್ ಲೋಟ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಾಗ ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದ್ದಳು. ಅಪ್ಪ ಅಗ್ಗದ ವಿಸ್ಕಿಗೆ ಬದಲಾದರು. ಲೋಟ ಮಾತ್ರ ಅದೇ. ಕೊನೆಗೆ ಲಿವರ್ ಕೈಕೊಟ್ಟಾಗಲೂ ಡಾಕ್ಟರ ಹತ್ತಿರ "ಒಂದೇ ಲೋಟ ಸಾರ್" ಅಂದ್ರು. ಆ 'ಒಂದೇ' ಅನ್ನೋ ಮಾತು ಕೇಳಿದರೆ ನನಗೆ ಇವತ್ತಿಗೂ ಹೊಟ್ಟೆ ಹಿಂಡುತ್ತೆ.

ಹಾಗಂತ ಕುಡಿಯೋದೇ ತಪ್ಪು ಅಂತ ಭಾಷಣ ಬಿಗಿಯೋ ಯೋಗ್ಯತೆ ನನಗಿಲ್ಲ. ನಾನೂ ಕುಡಿದೆನಲ್ಲ! ಹೇಳೋದಿಷ್ಟೇ. ಮನೆಯಲ್ಲಿ ಮಾಡೋದಾದರೆ ಅಳೆದು ಮಾಡಿ. ಅಳತೆ ಕಪ್ ಇಲ್ಲದಿದ್ದರೆ ಆ ಸಿರಪ್ ಕಪ್ಪೇ ಸಾಕು, ತೊಳೆದುಕೊಳ್ಳಿ ಅಷ್ಟೇ. ದೊಡ್ಡ ಐಸ್ ಹಾಕಿ ಅರ್ಧ ನಿಮಿಷ ಚಮಚದಲ್ಲಿ ತಿರುಗಿಸಿ, ಕುಲುಕಬೇಡಿ. ವರ್ಮೂತ್ ಅಂದ್ರೆ ಗಿಡಮೂಲಿಕೆ ಹಾಕಿದ ವೈನು. ತೆರೆದ ಮೇಲೆ ಫ್ರಿಜ್ಜಿನಲ್ಲಿಟ್ಟು ಒಂದೆರಡು ತಿಂಗಳಲ್ಲಿ ಮುಗಿಸಬೇಕು. ಭಾವಮೈದನ ಹಾಗೆ ಟೀವಿ ಪಕ್ಕ ಶೋಗೆ ಇಟ್ಟರೆ ಕೆಟ್ಟು ಹೋಗುತ್ತೆ. ಮೇಲೆ ಕಿತ್ತಳೆ ಸಿಪ್ಪೆ ಹಿಂಡೋದು ರೂಢಿ, ಹೇರಳೆಕಾಯಿ ಸಿಪ್ಪೆ ನನ್ನ ಸಲಹೆ. ಕಹಿಗೆ ಕಹಿ ಸೇರಿ ಘಮ್ಮಂತ ಇರುತ್ತೆ. ಆಮೇಲೆ ಬಾಟ್ಲಿ ಒಳಗಿಟ್ಟು, ಗಾಡಿ ಕೀ ಹೆಂಡತಿ ಕೈಗೆ ಕೊಟ್ಟು, ಆ ಒಂದನ್ನೇ ಒಂದು ಗಂಟೆ ಹೀರಿ. ಅದು ಕಹಿ ಇರೋದೇ ನಿಧಾನಕ್ಕೆ ಕುಡೀಲಿ ಅಂತ.

ಆವತ್ತು ಕಾಡುಗೋಡಿಯವರೆಗೆ ಆಟೋದಲ್ಲಿ ಬಂದು, ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ ಮನೆ ಸೇರಿದೆ. ರಾತ್ರಿ ಭಾವಮೈದನ ಮೆಸೇಜು: "ಭಾವ, ಅಳತೆ ಕಪ್ ಆರ್ಡರ್ ಮಾಡಿದೆ."

ನಿಮ್ಮನೆ 'ಒಂದು' ಎಷ್ಟು ಮಿಲೀ? ಒಂದ್ಸಲ ನೀರು ಸುರಿದು ಅಳೆದು ನೋಡಿ, ಆಮೇಲೆ ಬಂದು ಹೇಳಿ.